ಬೋರಲು ಹಾಕಿದ ಕಲ್ಲು

ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗ ನನ್ನ ಎದೆಮಟ್ಟಕ್ಕಿಂತ ಮೇಲಿಲ್ಲ. ಸೀರೆ ಹರವಿದರೆ ಅಂಚು ನೆಲ ಗುಡಿಸುತ್ತದೆ. ಅದಕ್ಕೆ ನಾಲ್ಕು ಮಡಿಕೆ ಮಾಡಿ ಹಾಕಬೇಕು, ನಾಲ್ಕು ಮಡಿಕೆಯ ಸೀರೆ ಒಣಗಲು ಎರಡು ದಿನ ಬೇಕು. ಮದುವೆಯಾಗಿ ಅರಸೀಕೆರೆಯಿಂದ ಹಳೇಬೀಡಿಗೆ ಬಂದ ಮೊದಲ ವಾರವೇ ನಾನು ಆ ಹಗ್ಗ ಬಿಚ್ಚಿ, ತೆಂಗಿನ ಮರಕ್ಕೂ ಕಿಟಕಿಯ ಸರಳಿಗೂ ಎತ್ತರದಲ್ಲಿ ಕಟ್ಟಿದ್ದೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಹಗ್ಗ ಮತ್ತೆ ಕೆಳಗಿತ್ತು. ಗಂಟು ಮಾತ್ರ ಹೊಸದು.

ಅತ್ತೆ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೊರದಿಂದ ಕಣ್ಣು ತೆಗೆಯದೆ, "ಈ ಮನೆ ಹೆಣ್ಮಕ್ಳು ಬಲಗೈನ ಹೆಗಲಿಂದ ಮ್ಯಾಕೆ ಎತ್ತಂಗಿಲ್ಲ ಕಣವ್ವ," ಅಂದರು.

"ಯಾಕತ್ತೆ?"

"ಹಂಗೆ ನಡ್ಕೊಂಡು ಬಂದೈತೆ."

ಆಮೇಲೆ ಒಂದೊಂದಾಗಿ ಕಣ್ಣಿಗೆ ಬಿದ್ದವು. ಸಾಂಬಾರದ ಡಬ್ಬಿಗಳೆಲ್ಲ ಸೊಂಟದ ಮಟ್ಟದ ಗೂಡಿನಲ್ಲಿ. ದೇವರ ಪಟಗಳು, ನೆಲದ ಮೇಲೆ ಕೂತರೆ ಕಣ್ಣಿಗೆ ಸಮನಾಗಿ. ಅಟ್ಟದಿಂದ ಒಂದು ಪಾತ್ರೆ ಇಳಿಸಬೇಕಾದರೂ ಗಂಡಸರು ಬರುವತನಕ ಕಾಯಬೇಕು. ಬಸ್ಸಿಗೆ ಕೈ ತೋರಿಸುವಾಗ ಅತ್ತೆ ಎಡಗೈ ಚಾಚುತ್ತಿದ್ದರು. ನನಗೆ ಇದರಿಂದ ಅಂಥ ತೊಂದರೆಯೇನೂ ಆಗಲಿಲ್ಲ. ಅರಸೀಕೆರೆಯ ಕಾನ್ವೆಂಟಿನಲ್ಲಿ ನಮಗೆ ಗಣಿತ ಹೇಳಿಕೊಡುತ್ತಿದ್ದ ಸಿಸ್ಟರ್, ಉತ್ತರ ಪೂರ್ತಿ ಗೊತ್ತಿದ್ದರೆ ಮಾತ್ರ ಕೈ ಎತ್ತಬೇಕು ಅನ್ನುತ್ತಿದ್ದರು. ನನಗೆ ಯಾವ ಉತ್ತರವೂ ಪೂರ್ತಿ ಗೊತ್ತಿದೆ ಅನ್ನಿಸುತ್ತಿರಲಿಲ್ಲ. ಹತ್ತು ವರ್ಷ ಕೈ ಕಟ್ಟಿಕೊಂಡು ಕೂತವಳಿಗೆ ಇದೊಂದು ಮನೆಯ ನಿಯಮ ಹೆಚ್ಚೇನಲ್ಲ.

ಹಗ್ಗದ ಕೆಳಗೇ ಬಟ್ಟೆ ಒಗೆಯುವ ಕಲ್ಲು. ಆಳುದ್ದದ ಚಪ್ಪಡಿ, ಮೇಲ್ಮೈ ಸವೆದು ನಡುವೆ ಸ್ವಲ್ಪ ತಗ್ಗು. ಅತ್ತೆ ಒಗೆದರು, ಅವರತ್ತೆ ಒಗೆದಿದ್ದರು, ಆಮೇಲೆ ನಾನು. ನಮ್ಮೂರಲ್ಲಿ ಇಂಥ ಕಲ್ಲುಗಳಿಗೆ ಲೆಕ್ಕವಿಲ್ಲ. ಪಾಯ ತೋಡಿದರೆ ಕಂಬದ ತುಂಡು, ಕೊಟ್ಟಿಗೆಯ ಗೋಡೆಯಲ್ಲಿ ಆನೆಯ ಸಾಲು, ಬಚ್ಚಲ ಮೆಟ್ಟಿಲಿಗೆ ಬಳ್ಳಿ ಕೆತ್ತಿದ ಅಂಚು. ಕೆತ್ತನೆಯಿರುವ ಮುಖವನ್ನು ಮಣ್ಣಿಗೆ ಮಾಡಿ, ಬೆನ್ನು ಮೇಲೆ ಬರುವಂತೆ ಬೋರಲು ಹಾಕುವುದು ಇಲ್ಲಿನವರ ಪದ್ಧತಿ. ಮುಖದ ಮೇಲೆ ಕಾಲಿಡಬಾರದಲ್ಲ, ಅದಕ್ಕೆ ಅಂದುಕೊಂಡಿದ್ದೆ.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬಳೆ ತಂದಾಗ, ಅತ್ತೆ ನನ್ನ ಹೊಸ ಬಳೆಗಳಿಂದ ಎರಡನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದರು. ಒಗೆಯುವ ಕಲ್ಲಿನ ಅಂಚಿನಡಿ ಬೆರಳು ಹಾಯುವಷ್ಟು ಸಂದಿತ್ತು. ಅದರೊಳಕ್ಕೆ ಬಳೆ ತೂರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರ ಕೈಯಲ್ಲಿ ಬಳೆ ಇರಲಿಲ್ಲ. ಆದರೂ ಆ ಕೆಲಸ ಅವರದೇ. ನಾನು ಕೇಳಲಿಲ್ಲ. ಕೇಳದೆ ಇರುವುದೇ ಒಳ್ಳೆಯತನ ಎಂದು ಬೆಳೆದವಳು.

ಎರಡು ವರ್ಷದ ಹಿಂದೆ ನಮ್ಮ ಊರಿಗೊಂದು ಉತ್ಸವ ಬೇಕು ಎಂಬ ಮಾತು ಶುರುವಾಯಿತು. ವಾಟ್ಸಾಪ್ ಗುಂಪೊಂದು ಹುಟ್ಟಿತು, ನಮ್ಮ ಮನೆಯವರು ಅದರಲ್ಲಿದ್ದರು. ಅವರು ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಸಂಜೆ ಕಾಫಿ ಕುಡಿಯುತ್ತ ಬಂದ ಮಾತುಗಳನ್ನೆಲ್ಲ ನನಗೆ ಓದಿ ಹೇಳುತ್ತಿದ್ದರು. ಬೇಲೂರಿಗೆ ಹೋದವರು ಉಳಿಯುತ್ತಾರೆ, ಉಣ್ಣುತ್ತಾರೆ. ನಮ್ಮೂರಿಗೆ ಬಂದವರು ದೇವಸ್ಥಾನ ಸುತ್ತಿ, ಒಂದು ಎಳನೀರು ಕುಡಿದು, ಅದೇ ಬಸ್ಸಿಗೆ ಹತ್ತುತ್ತಾರೆ. ಬಸ್ತಿಹಳ್ಳಿಯ ಬಸದಿಗಳಿಗೆ ಹೋಗುವ ದಾರಿಯನ್ನೂ ಯಾರೂ ಕೇಳುವುದಿಲ್ಲ. ಕೆರೆಯಲ್ಲಿ ದೋಣಿ ಬಿಡೋಣ ಎಂದು ಒಬ್ಬರು. ಮೊದಲು ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಬಾಗಿಲು ಹಾಕಿಸಿ ಎಂದು ಇನ್ನೊಬ್ಬರು. ಅದಕ್ಕೆ ಹದಿನೇಳು ನಗುಮುಖ.

ಉತ್ಸವ ಸಮಿತಿಯ ಅಧ್ಯಕ್ಷರು ಹೋಟೆಲಿಟ್ಟವರು. ಮೆತ್ತಗೆ ಮಾತಾಡುವ, ಎಲ್ಲರ ಮನೆಯ ಮದುವೆಗೂ ಮೊದಲು ಬರುವ ಮನುಷ್ಯ. ಒಂದು ಬೆಳಿಗ್ಗೆ ಅವರು ಸ್ಟುಡಿಯೋ ಹುಡುಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಅಂದೆ, ಅವನಿಗೂ ಮೂವತ್ತು ದಾಟಿರಬೇಕು. ಮದುವೆ ಫೋಟೋ ತೆಗೆಯುತ್ತಾನೆ, ಫ್ಲೆಕ್ಸ್ ಮಾಡಿಕೊಡುತ್ತಾನೆ.

"ತಾಯೀ, ಊರೂರಲ್ಲಿ ಪ್ರತಿಮೆ ನಿಲ್ಲಿಸ್ತಾರೆ, ನಮ್ಮ ಹಿತ್ತಿಲಲ್ಲೇ ಬಿದ್ದಿರೋದನ್ನ ನಾವು ನೋಡಲ್ಲ," ಅಂದರು ಅಧ್ಯಕ್ಷರು. "ನಿಮ್ಮ ಒಗೆಯೋ ಕಲ್ಲು ಒಂದ್ಸಲ ಮಗುಚಿ ನೋಡಣ. ಚೆನ್ನಾಗಿದ್ರೆ ಸರ್ಕಲ್ಲಲ್ಲಿ ನಿಲ್ಸಣ. ನಿಮಗೆ ಹೊಸಾ ಸಿಮೆಂಟ್ ಕಲ್ಲು ನಾನೇ ಹಾಕಿಸಿಕೊಡ್ತೀನಿ."

ಅತ್ತೆ ಆ ವಾರ ಬಿಕ್ಕೋಡಿನಲ್ಲಿದ್ದ ತಮ್ಮನ ಮನೆಗೆ ಹೋಗಿದ್ದರು. ಅವರು ಬರಲಿ ಅನ್ನಬಹುದಿತ್ತು. ಆ ಮಾತು ಗಂಟಲಿನವರೆಗೆ ಬಂದದ್ದೂ ನೆನಪಿದೆ. ಆದರೆ ಎದುರಿಗೆ ಕೂತವರಿಗೆ ಇಲ್ಲ ಎನ್ನುವುದು ನನಗೆ ಬರುವುದಿಲ್ಲ. "ಆಗಲಿ," ಅಂದೆ. ಅಷ್ಟೇ ಅಲ್ಲ, ಕಲ್ಲು ಎಬ್ಬಿಸಲು ಬಂದ ಐದು ಜನಕ್ಕೂ ಕಾಫಿ ಮಾಡಿಕೊಟ್ಟೆ.

ಹಾರೆ ಹಾಕಿ ಮೀಟಿದರು. ಕಲ್ಲು ಮೊದಲು ಬರಲಿಲ್ಲ, ಆಮೇಲೆ ಒದ್ದೆ ಮಣ್ಣು ಬಾಯಿ ಬಿಟ್ಟಂಥ ಸದ್ದಿನೊಂದಿಗೆ ಎದ್ದಿತು. ಮುಖದ ತುಂಬ ಕಪ್ಪು ಕೆಸರು. ಅದು ಬರೀ ಮಣ್ಣಿನ ವಾಸನೆಯಲ್ಲ, ಸೋಪು, ನೀಲಿ, ಮೂರು ತಲೆಮಾರಿನ ಬಟ್ಟೆಯ ಕೊಳೆ ಸೇರಿ ಹಳೆ ಪೆಟ್ಟಿಗೆಯೊಂದನ್ನು ತೆರೆದ ವಾಸನೆ. ನಾನು ಒಂದು ಬಿಂದಿಗೆ ನೀರು ಸುರಿದೆ. ಮೊದಲು ಬಳೆಗಳು ಕಂಡವು, ಕಲ್ಲಿನ ಬಳೆಗಳು, ಒಂದರ ಪಕ್ಕ ಒಂದು, ಮೊಣಕೈತನಕ. ಆಮೇಲೆ ತೋಳು. ಆಮೇಲೆ ಬಿಚ್ಚಿದ ಅಂಗೈ. ಮೊಣಕೈಯಲ್ಲಿ ಬಾಗಿ ನೆಟ್ಟಗೆ ಮೇಲಕ್ಕೆತ್ತಿದ ಹೆಣ್ಣಿನ ಬಲಗೈ. ಕೆಳಗಿನ ಅರ್ಧಕ್ಕೆ ಕೆಸರು ಹಾಗೇ ಅಂಟಿಕೊಂಡಿತ್ತು.

"ಆಶೀರ್ವಾದದ ಕೈ," ಅಂದರು ಅಧ್ಯಕ್ಷರು. ಚಪ್ಪಲಿ ಬಿಟ್ಟು ಕೈ ಮುಗಿದರು.

"ಆಶೀರ್ವಾದ ಅಲ್ಲ ಸಾರ್, ವೆಲ್‌ಕಮ್," ಅಂದ ಸ್ಟುಡಿಯೋದವನು. "ಬನ್ನಿ ಅಂತ ಕರೀತಿದೆ ನೋಡಿ. ಇದೇ ನಮ್ಮ ಲೋಗೋ. ಬೇರೆ ಯಾವ ಊರಿಗೂ ಇಲ್ಲ."

ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದರು. ಅವರು ಹೋದ ಮೇಲೆ ನಾನು ಹಿತ್ತಿಲಲ್ಲಿ ಒಬ್ಬಳೇ ಆ ತಗ್ಗನ್ನು ನೋಡಿದೆ. ಮಣ್ಣಿನ ತುಂಬ ಗಾಜಿನ ಚೂರು. ಹಸಿರು, ಕೆಂಪು, ಕಪ್ಪು, ಈಗ ಯಾರೂ ಮಾಡದ ಒಂದು ಹಾಲುಬಣ್ಣ. ಕೆಲವು ಇಡೀ ಬಳೆಗಳು. ಮೇಲಿನ ಪದರದಲ್ಲಿ ನನ್ನವನ್ನು ಗುರುತಿಸಿದೆ. ಹಿಂದಿನ ವರ್ಷದ ಚುಕ್ಕಿ ಬಳೆ, ಅದರ ಹಿಂದಿನದು, ಹೀಗೇ ಇಪ್ಪತ್ತು ವರ್ಷ ಕೆಳಗಿಳಿದು ಮದುವೆಯ ವರ್ಷದ್ದು. ಆ ಚೂರುಗಳ ನಡುವೆ ಅಚ್ಚು. ಮೆತ್ತನೆಯ ಜೇಡಿಯಲ್ಲಿ ಇಡೀ ತೋಳು, ಬಳೆಬಳೆಯಾಗಿ, ಬೆರಳು ಬೆರಳಾಗಿ, ಒಳಮುಖವಾಗಿ ಮೂಡಿತ್ತು. ಅಂಗೈಯ ತಗ್ಗಿನಲ್ಲಿ ಒಂದು ಗುಟುಕಿನಷ್ಟು ನೀರು ನಿಂತಿತ್ತು.

ಅತ್ತೆ ಎರಡು ದಿನ ಬಿಟ್ಟು ಬಂದರು. ಚೀಲ ಇಟ್ಟು, ಕಾಲು ತೊಳೆಯಲು ಹಿತ್ತಿಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಹೋಗಿ ನೋಡಿದರೆ ತಗ್ಗಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಇಲ್ನೋಡವ್ವ," ಅಂತ ಒಂದು ಕಡ್ಡಿಯಿಂದ ತೋರಿಸಿದರು. ತೋಳಿನ ಅಚ್ಚಿನ ಕೆಳಗೆ, ನಾನು ಗಮನಿಸದೇ ಇದ್ದ ಕಡೆ, ಗೇಣುದ್ದದ ಒಂದು ಹೆಣ್ಣಿನ ಅಚ್ಚು, ಪಕ್ಕದಲ್ಲಿ ಒಬ್ಬ ಗಂಡಸು. ಮೇಲ್ಗಡೆ ಸೂರ್ಯ, ಚಂದ್ರ. "ಇದು ಮಾಸ್ತಿ ಕಲ್ಲು. ಗಂಡನ ಹಿಂದೆ ಕೊಂಡ ಬಿದ್ದೋಳು. ಈ ಮನೇಲಿ ಬಾಳಿದೋಳು ಅಂತ ನಮ್ಮತ್ತೆ ಹೇಳೋರು."

"ಬೋರಲು ಹಾಕಿದ್ದು ಯಾಕತ್ತೆ?"

"ಮೊದ್ಲು ಬೀದೀಲಿ ನಿಂತಿತ್ತಂತೆ. ಬಂದೋರೆಲ್ಲ ಅರಿಶಿನ ಹಚ್ಚೋರು, ಕೈ ಮುಗಿಯೋರು, ಮನೆ ಸೊಸೆದೀರ್ನ ಕರ್ಕೊಂಬಂದು ನೋಡು ನೋಡು ಅನ್ನೋರು. ಯಾವಳೋ ಒಬ್ಳು ಅತ್ತೆ, ನೋಡೀ ನೋಡೀ ಸಾಕಾಗಿ, ಹಿತ್ಲಿಗೆ ಎಳೆಸಿ ಮಕ ಕೆಳಗ್ ಮಾಡಿ ಕೆಡವಿದ್ಳಂತೆ. ಎಷ್ಟು ಕಾಲದಿಂದ ಕೈ ಎತ್ಕೊಂಡೇ ನಿಂತವ್ಳೆ, ಇಳಿಸ್ಕೊಳ್ಳಿ, ಇನ್ಯಾರೂ ಅವಳ್ನ ನೋಡಿ ಕೈ ಎತ್ತದು ಬ್ಯಾಡ ಅಂತ." ಅತ್ತೆ ಕಡ್ಡಿಯನ್ನು ಪಕ್ಕಕ್ಕಿಟ್ಟರು. "ಈಗ ಎಬ್ಸವ್ರೆ."

ನಮ್ಮ ಮನೆಯವರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಎಲ್ಲದಕ್ಕೂ ಒಂದು ದಿನಾಂಕ ಕೊಡುವ ಕಚೇರಿಯ ಅಭ್ಯಾಸ ಅವರಿಗೆ. "ಉತ್ಸವ ಇನ್ನು ಮೂರೇ ವಾರ. ಮುಗೀಲಿ, ಆಮೇಲೆ ತರಿಸೋಣ," ಅಂದರು. ಅಷ್ಟರಲ್ಲಿ ಸರ್ಕಲ್ಲಿನಲ್ಲಿ ಕಟ್ಟೆ ಕಟ್ಟಿ ಕಲ್ಲು ನಿಲ್ಲಿಸಿ ಆಗಿತ್ತು. ಮೊಣಕೈವರೆಗೆ ಕಾಂಕ್ರೀಟು. ಗೇಣುದ್ದದ ಹೆಂಗಸು, ಗಂಡಸು, ಸೂರ್ಯ, ಚಂದ್ರ ಎಲ್ಲ ಒಳಗೆ ಹೂತುಹೋಗಿ, ನೆಲದಿಂದ ಎದ್ದ ಒಂದು ಕೈ ಮಾತ್ರ ಬೇಲೂರಿನ ದಾರಿಯ ಕಡೆಗೆ ಅಂಗೈ ತೋರಿಸಿಕೊಂಡು ನಿಂತಿತ್ತು. ಸಿಮೆಂಟಿನ ಹಿಡಿತ ಬಿಗಿಯಾಗಲಿ ಎಂದು ಗೋಣಿಚೀಲ ಸುತ್ತಿ ದಿನಕ್ಕೆರಡು ಸಲ ನೀರು ಹಾಕುತ್ತಿದ್ದರು.

ಲೋಗೋ ಊರೆಲ್ಲ ಹರಡಿತು. ಕರೆಂಟು ಕಂಬಗಳಲ್ಲಿ ಕೈ. ಎಳನೀರು ಗಾಡಿಯ ಕೊಡೆಯ ಮೇಲೆ ಕೈ. ವಾಟ್ಸಾಪಿನಲ್ಲಿ ಎಲ್ಲರ ಮುಖದ ಜಾಗದಲ್ಲಿ ಕೈ. ಶಾಲೆಯ ಮೈದಾನದಲ್ಲಿ ಹುಡುಗಿಯರು ಮಧ್ಯಾಹ್ನ ಅಭ್ಯಾಸ ಮಾಡುತ್ತಿದ್ದರು. ಉತ್ಸವದ ದಿನ ನೂರು ಹುಡುಗಿಯರು ಹಸಿರು ಬಳೆ ತೊಟ್ಟು, ರಸ್ತೆಯ ಎರಡೂ ಬದಿ ನಿಂತು, ಬಲಗೈ ಬಾಗಿಸಿ ಮೇಲೆತ್ತಬೇಕು. ಮೇಲಿನಿಂದ ಡ್ರೋನ್ ಫೋಟೋ. ಕಾಂಪೌಂಡ್ ಗೋಡೆ ಎತ್ತರವಾದ್ದರಿಂದ, ಹಾಲು ತರಲು ಹೋಗುವಾಗ ನನಗೆ ಅವರ ತಲೆ ಕಾಣುತ್ತಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಕೈಗಳು ಮಾತ್ರ ಏಳುತ್ತಿದ್ದವು. ಸೀಟಿ ಊದುವತನಕ ಹಾಗೇ ಇರುತ್ತಿದ್ದವು.

ಆ ಸಾಲಿನ ಮುಂದೆ, ಕಲ್ಲಿನ ಪಕ್ಕ ನಿಲ್ಲಲು ಆರಿಸಿದ್ದು ನನ್ನ ಮಗಳನ್ನು. ಪದವಿಯ ಎರಡನೇ ವರ್ಷ, ಹಾಸನದ ಕಾಲೇಜು, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಕಲ್ಲು ನಮ್ಮ ಮನೆಯದಾದ್ದರಿಂದ ಗೌರವ ನಮಗೇ ಎಂದು ಅಧ್ಯಕ್ಷರು ಹೇಳಿಕಳಿಸಿದ್ದರು. ಅವಳು ಚಿಕ್ಕಂದಿನಿಂದ ಹಗ್ಗದ ಕತೆಗೆ ನಕ್ಕವಳೇ.

"ಅಜ್ಜೀ, ಕಾಲೇಜಲ್ಲಿ ನಾನು ದಿನಾ ಕೈ ಎತ್ತೀನಿ. ಇನ್ನೂ ಬದುಕಿದೀನಲ್ಲ," ಅಂದಳು.

"ಅದು ನಿನ್ ಕೈ ಕಣೇ," ಅಂದರು ಅತ್ತೆ. "ಇಲ್ಲಿ ಎತ್ತೋದು ಅವಳ ಕೈ."

ಫೋಟೋ ತೆಗೆದರು. ತೋಳಿಗೆ ಅರಿಶಿನ ಬಳಿದು, ಮೊಣಕೈವರೆಗೆ ಹಸಿರು ಬಳೆ ತೊಡಿಸಿ, ಕಲ್ಲಿನ ಕೈ ಪಕ್ಕ ಇವಳ ಕೈ. ಆಳೆತ್ತರದ ಫ್ಲೆಕ್ಸಾಗಿ ಅದು ಎಲ್ಲ ರಸ್ತೆಗಳಿಗೂ ಹೋಯಿತು.

ಅದಾದ ಮೂರನೆಯ ದಿನ, ಭಾನುವಾರ, ಊಟವಾದ ಮೇಲೆ ಮಗಳು ನಡುಮನೆಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ನಾನು ಬಟ್ಟೆ ಮಡಿಸುತ್ತ ಆ ದಾರಿಯಲ್ಲಿ ಬಂದೆ. ಅವಳ ಬಲಗೈ ಮೇಲೆ ಇತ್ತು. ಗೋಡೆಗೆ ಒರಗಿರಲಿಲ್ಲ, ಕುರ್ಚಿಗೂ ತಾಗಿರಲಿಲ್ಲ. ಮೊಣಕೈ ಬಾಗಿ, ಅಂಗೈ ಬಿಚ್ಚಿ, ನೆಟ್ಟಗೆ. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಸಮನಾಗಿತ್ತು. ನಾನು ಬಟ್ಟೆ ಕೆಳಗಿಟ್ಟು ಆ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದೆ. ಅಂಗೈ ತಣ್ಣಗಿತ್ತು. ಅಭ್ಯಾಸ ಮಾಡಿ ಮಾಡಿ ಹಾಗಾಗಿರಬೇಕು, ಅನ್ನಿಸಿತು. ಹಾಲು ಕಾಯಿಸಿ ಹಿಂದಿರುಗಿ ಬಂದೆ. ಕೈ ಮತ್ತೆ ಮೇಲಿತ್ತು.

ಅತ್ತೆ ಕಂಬಕ್ಕೆ ಒರಗಿ ಕೂತು ಅದನ್ನೇ ನೋಡುತ್ತಿದ್ದರು. ಎದ್ದ ಮೇಲೆ ಮಗಳಿಗೆ ಏನೂ ನೆನಪಿರಲಿಲ್ಲ. "ಭುಜ ನೋಯ್ತಿದೆಯಮ್ಮ," ಅಂದಳು ಅಷ್ಟೇ. ಎಣ್ಣೆ ಹಚ್ಚಿ ತಿಕ್ಕಿದೆ. ಮುಂದಿನ ಭಾನುವಾರವೂ ಹಾಗೇ ಆಯಿತು. ಬಸ್ಸಿನಲ್ಲಿ ತೂಕಡಿಸುವಾಗಲೂ ಹೀಗೇ ಆಗುತ್ತಿದೆಯೆಂದು ಅವಳ ಗೆಳತಿಯೊಬ್ಬಳು ನಗುತ್ತ ಹೇಳಿದಳು. ಇಳಿಯಬೇಕೆಂದು ಕೈ ತೋರಿಸುತ್ತಿದ್ದಾಳೆ ಅಂದುಕೊಂಡು ಕಂಡಕ್ಟರ್ ಎರಡು ಸಲ ಸೀಟಿ ಊದಿದರಂತೆ.

ಹಿತ್ತಿಲ ತಗ್ಗು ಮಾತ್ರ ಒಣಗಲಿಲ್ಲ. ಬಿಸಿಲಿಗೆ ಸುತ್ತಲಿನ ನೆಲವೆಲ್ಲ ಬಿರುಕು ಬಿಟ್ಟಿತ್ತು. ಸಿಮೆಂಟ್ ಕಲ್ಲಿಗೆ ಬೇರೆ ಜಾಗ ಮಾಡಿದ್ದರಿಂದ ಇತ್ತ ಸೋಪಿನ ನೀರೂ ಬರುತ್ತಿರಲಿಲ್ಲ. ಆದರೂ ಆ ಅಂಗೈಯ ಅಚ್ಚಿನಲ್ಲಿ ಬೆಳಿಗ್ಗೆ ನೋಡಿದರೂ ಸಂಜೆ ನೋಡಿದರೂ ಅದೇ ಒಂದು ಗುಟುಕು ನೀರು. ಗುಬ್ಬಿಗಳು ಪಕ್ಕದ ತೊಟ್ಟಿಗೆ ಬರುತ್ತಿದ್ದವು, ಇದಕ್ಕೆ ಬಾಯಿ ಹಾಕುತ್ತಿರಲಿಲ್ಲ.

ಉತ್ಸವಕ್ಕೆ ಆರು ದಿನ ಇರುವಾಗ ಸಮುದಾಯ ಭವನದಲ್ಲಿ ಊರಿನವರ ಕೊನೆಯ ಸಭೆ. ನಮ್ಮ ಮನೆಯವರು ಬೇಡ ಅಂದರೂ ನಾನು ಹೊರಟೆ. ಅತ್ತೆಯೂ ಹೊಸ ಸೀರೆ ಉಟ್ಟು ಬಂದರು. ನನಗೆ ಬೇಕಾಗಿದ್ದದ್ದು ಒಂದೇ. ಆ ಕಲ್ಲು ಮನೆಗೆ ವಾಪಸ್ಸು ಬರಬೇಕು, ನನ್ನ ಮಗಳು ಅದರ ಪಕ್ಕ ನಿಲ್ಲಬಾರದು. ಅವತ್ತು ಲೋಗೋಗೆ ಊರಿನ ಒಪ್ಪಿಗೆಯಾದರೆ ಕಲ್ಲು ಸರ್ಕಲ್ಲಿಗೇ ಶಾಶ್ವತ.

ಮಧ್ಯಾಹ್ನ ಮೂರು ಗಂಟೆ. ಮುಂದೆ ಗಂಡಸರು, ಎಡಕ್ಕೆ ಹೆಂಗಸರ ಕುರ್ಚಿಗಳು. ದೋಣಿಯ ಮಾತು ಬಂತು, ಹೋಯಿತು. ಊಟದ ಅಂಗಡಿ ಎಲ್ಲಿ ಹಾಕುವುದು ಎಂಬುದಕ್ಕೆ ಮುಕ್ಕಾಲು ಗಂಟೆ.

"ಊರು ಅಂದ್ರೆ ಬರೀ ಹಾಳು ಗೋಡೆ ಅನ್ಕೊಂಡವ್ರೆ ಜನ. ನಮ್ದೂ ಒಂದು ಮುಖ ಬೇಕಲ್ವೇನ್ರೀ?" ಅಂದರು ಅಧ್ಯಕ್ಷರು.

"ಮುಖ ಬೇಕು ಅಂದು ಕೈ ತಂದಿದೀರಲ್ಲ," ಅಂದರು ತೆಂಗಿನ ತೋಟದ ಯಜಮಾನರೊಬ್ಬರು. ಎಲ್ಲರೂ ನಕ್ಕರು.

"ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಕೈ ಎತ್ತಿ," ಅಂದರು ಅಧ್ಯಕ್ಷರು.

ನಾನು ಎಡಗೈ ಎತ್ತಿದೆ. ಎದ್ದು ನಿಂತೆ. ಗೊತ್ತಿದ್ದಷ್ಟನ್ನು ಹೇಳಿದೆ. ಕಾಂಕ್ರೀಟಿನೊಳಗೆ ಹೂತಿರುವ ಹೆಂಗಸಿನ ಬಗ್ಗೆ, ಸೂರ್ಯ ಚಂದ್ರರ ಬಗ್ಗೆ. ಅದು ಕರೆಯುವ ಕೈ ಅಲ್ಲ, ಬೆಂಕಿಗೆ ಹೋದವಳ ಕೈ ಎಂದು. ಮಗಳ ನಿದ್ದೆಯ ಬಗ್ಗೆ ಹೇಳಲಿಲ್ಲ. ಹೇಳಿದ್ದರೆ ನಾನು ಅಳುತ್ತಿದ್ದೆ.

ಸ್ಟುಡಿಯೋದವನು, "ಆಂಟೀ, ಇದನ್ನ ಮೊದಲೇ ಹೇಳ್ಬಾರದಾ?" ಅಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಇದು ಇನ್ನೂ ಸೂಪರ್ ಸ್ಟೋರಿ. ಜನ ಕಲ್ಲು ನೋಡೋಕೆ ಬರಲ್ಲ ಆಂಟೀ, ಕತೆ ಕೇಳೋಕೆ ಬರ್ತಾರೆ. ಕಟ್ಟೆ ಸುತ್ತ ಕೆಂಪು ಲೈಟ್ ಹಾಕಣ. ನಿಮ್ಮ ಮಗಳ ವಾಯ್ಸಲ್ಲೇ ರೆಕಾರ್ಡ್ ಮಾಡಣ."

ಸರಿ ಸರಿ ಎನ್ನುವವರು ಹತ್ತಾರು ಜನ. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಹೇಳಿದ್ದೇ ತಪ್ಪಾಯಿತು. ಬೀದಿಯಿಂದ ಎಳೆದು ಮುಚ್ಚಿಟ್ಟವಳನ್ನು ನಾನೇ ಎರಡನೆಯ ಸಲ ಎಬ್ಬಿಸಿದ್ದೆ.

"ಏನ್ಲಾ, ಸುಟ್ಟೋಳ ಕೈ ತೋರ್ಸಿ ಬನ್ನಿ ಉಣ್ಣಿ ಅಂತೀಯಾ?" ಅಂದರು ತೆಂಗಿನ ತೋಟದವರು.

"ಇತಿಹಾಸ ಅಲ್ವೇನ್ರೀ, ಮುಚ್ಚಿಡಕ್ಕಾಯ್ತದಾ?" ಅಂದರು ಅಧ್ಯಕ್ಷರು. ಜಗಳ ಬೆಳೆಯುವುದು ಅವರಿಗೆ ಇಷ್ಟವಿರಲಿಲ್ಲ. "ಬಿಡಿ, ಊರೇ ತೀರ್ಮಾನ ಮಾಡ್ಲಿ. ಲೋಗೋ ಇರ್ಲಿ ಅನ್ನೋರು ಕೈ ಎತ್ತಿ."

ಗಂಡಸರ ಕಡೆ ಕೈಗಳು ಎದ್ದವು, ಮೂವತ್ತೋ ನಲವತ್ತೋ. ಹೆಂಗಸರ ಕಡೆಯೂ ಎದ್ದವು. ನನ್ನ ಮುಂದಿನ ಸಾಲಿನಲ್ಲಿ ಹಾಲಿನ ಡೈರಿಯಾಕೆ, ಅವಳ ಪಕ್ಕ ಅವಳ ಸೊಸೆ, ಅದರಾಚೆ ಅಂಗನವಾಡಿಯಾಕೆ. ಮೊಣಕೈ ಬಾಗಿ, ಅಂಗೈ ಬಿಚ್ಚಿ, ಬಳೆಗಳು ಜಾರಿ ಮೊಣಕೈಗೆ ಬಂದು ಸದ್ದಾಗಿ ನಿಂತವು. ಕಿಟಕಿಯ ಬೆಳಕಿನಲ್ಲಿ ಹಿಂದಿನ ಗೋಡೆಯ ಮೇಲೆ ನೆರಳು ಬಿತ್ತು. ನೆರಳಿನಲ್ಲಿ ತಲೆಗಳು ಒಂದಕ್ಕೊಂದು ಬೆರೆತು ಕಪ್ಪಾಗಿದ್ದವು, ಕೈಗಳು ಮಾತ್ರ ಬೇರೆಬೇರೆಯಾಗಿ ನಿಂತಿದ್ದವು. ಡೈರಿಯಾಕೆ ತಿರುಗಿ ಅದನ್ನು ನೋಡಿದಳು. ನೋಡಿದ್ದು ನನಗೆ ಕಂಡಿತು. ಅವಳ ಕೈ ಕೆಳಗಿಳಿಯಿತು, ಸೆರಗಿನೊಳಕ್ಕೆ ಹೋಯಿತು. ಅವಳ ಸೊಸೆಯದೂ ಇಳಿಯಿತು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಯಾರೂ ಯಾರಿಗೂ ಹೇಳದೆ, ಕೈಗಳು ಇಳಿದವು.

ಅಧ್ಯಕ್ಷರು ಎಣಿಸುತ್ತಿದ್ದವರು ನಿಲ್ಲಿಸಿದರು. "ಸರಿ, ಹಂಗಾದ್ರೆ ಕಲ್ಲು ವಾಪಸ್ ಕೊಡಿ ಅನ್ನೋರು ಕೈ ಎತ್ತಿ."

ಒಂದೂ ಏಳಲಿಲ್ಲ. ಹೆಂಗಸರೆಲ್ಲ ಕೈ ಸೆರಗಿನಲ್ಲಿಟ್ಟುಕೊಂಡು ಕೂತಿದ್ದರು. ಕೆಲವರ ಮನೆಯ ಹಿತ್ತಿಲಲ್ಲೂ ಬೋರಲು ಬಿದ್ದ ಕಲ್ಲುಗಳಿವೆ, ಕೆಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಬೇಕೆಂದರೂ ಯಾರೂ ಎತ್ತುವಂತಿರಲಿಲ್ಲ, ಆ ನೆರಳು ನೋಡಿದ ಮೇಲೆ ನನ್ನ ಎಡಗೈಯೂ ಏಳಲಿಲ್ಲ. ಸ್ಟುಡಿಯೋದವನು ಸಣ್ಣಗೆ ನಕ್ಕ. "ಯಾರೂ ಇಲ್ಲ ಸಾರ್."

ಆಗ ಅತ್ತೆ ನನ್ನ ಹೆಗಲು ಹಿಡಿದು ಎದ್ದರು. ಅವರು ಎಂದೂ ಸಭೆಯಲ್ಲಿ ಮಾತಾಡಿದವರಲ್ಲ. "ಕೈ ಎತ್ಬ್ಯಾಡಿ ಕಣ್ರವ್ವ," ಅಂದರು, ಅಡುಗೆಮನೆಯಲ್ಲಿ ಹೇಳುವಷ್ಟೇ ದನಿಯಲ್ಲಿ. "ಎದ್ ನಿಂತ್ಕಳಿ, ಸಾಕು."

ಡೈರಿಯಾಕೆ ಮೊದಲು ಎದ್ದಳು. ಕುರ್ಚಿಗಳು ಸರಿಯುವ ಸದ್ದು ಹಿಂದಿನವರೆಗೂ ಹೋಯಿತು. ಎಡಬದಿಯಲ್ಲಿ ಕೂತವರೇ ಉಳಿಯಲಿಲ್ಲ. ಗಂಡಸರ ಕಡೆ ತೆಂಗಿನ ತೋಟದವರು ಎದ್ದರು, ಸ್ವಲ್ಪ ತಡೆದು ನಮ್ಮ ಮನೆಯವರೂ ಎದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತು ತಾಯೀ," ಅಂದರು. "ತಿಳೀದೆ ಆಯ್ತು."

ಉತ್ಸವ ನಡೆಯಿತು. ಲೋಗೋ ಇಲ್ಲದೆ, ಹುಡುಗಿಯರ ಸಾಲಿಲ್ಲದೆ. ಜನ ಬಂದರು, ಎಳನೀರು ಕುಡಿದರು, ಹೋದರು. ಅದಕ್ಕೂ ಎರಡು ದಿನ ಮೊದಲೇ ಕಟ್ಟೆ ಒಡೆದು ಕಲ್ಲನ್ನು ತಂದಿದ್ದರು. ಕಾಂಕ್ರೀಟು ಕಿತ್ತುಬರುವಾಗ ಗೇಣುದ್ದದ ಹೆಂಗಸಿನ ಮುಖ ಅದರ ಜೊತೆಗೇ ಹೋಗಿತ್ತು. ತಗ್ಗಿನ ಅಚ್ಚಿನಲ್ಲಿ ಮಾತ್ರ ಇನ್ನೂ ಇತ್ತು. ಅತ್ತೆ ಪೆಟ್ಟಿಗೆಯಲ್ಲಿಟ್ಟಿದ್ದ ತಮ್ಮ ಹಳೆಯ ಬಳೆಗಳಲ್ಲಿ ಎರಡನ್ನು ಅಂಗೈಯ ನೀರಿಗೆ ಹಾಕಿದರು, ನಾನು ಎರಡು, ಕೊನೆಗೆ ಯಾರೂ ಹೇಳದೆ ಮಗಳು ಎರಡು. ಫೋಟೋಗೆ ತೊಟ್ಟ ಹಸಿರು ಬಳೆಗಳು. ಹಗ್ಗ ಬಿಗಿದು ಕಲ್ಲನ್ನು ಇಳಿಸಿದರು. ಬೆರಳಿಗೆ ಬೆರಳು ಕೂರಿಸಿ ಎಂದು ಅತ್ತೆ ಹೇಳುತ್ತಲೇ ಇದ್ದರು. ಕೂತಿತು. ಒಳಗಿನಿಂದ ಗಾಳಿ ಹೊರಟ ಸದ್ದು, ಉಸಿರು ಬಿಟ್ಟಂತೆ, ನಮ್ಮೆಲ್ಲರಿಗೂ ಕೇಳಿತು. ನಾನು ಕಾಫಿ ಮಾಡಲು ಒಳಗೆ ಹೋದೆ.

ಆ ಭಾನುವಾರ ಮಗಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಲಗಿದ್ದಳು. ಮುಂದಿನ ಭಾನುವಾರವೂ.

ಅವಳ ಫ್ಲೆಕ್ಸುಗಳನ್ನು ಇಳಿಸಿದರು. ಇಳಿಸಿದ ಫ್ಲೆಕ್ಸನ್ನು ನಮ್ಮ ಕಡೆ ಯಾರೂ ಬಿಸಾಡುವುದಿಲ್ಲ. ಗಟ್ಟಿ ಬಟ್ಟೆ, ಮಳೆಗೆ ಜಗ್ಗುವುದಿಲ್ಲ. ಹತ್ತಾರು ಹಳ್ಳಿಗೆ ಹಂಚಿಹೋದವು. ಕೆಲವು ತಿಂಗಳ ಮೇಲೆ ನಾನೂ ಮಗಳೂ ತವರಿನ ಒಂದು ಗೃಹಪ್ರವೇಶಕ್ಕೆ ಅರಸೀಕೆರೆಯ ಬಸ್ಸಿನಲ್ಲಿ ಹೋಗುತ್ತಿದ್ದೆವು. ಊರು ದಾಟಿ ಸ್ವಲ್ಪ ದೂರದಲ್ಲಿ, ಹೊಲದ ನಡುವೆ ರಾಗಿ ಹುಲ್ಲಿನ ಬಣವೆಗೆ ಫ್ಲೆಕ್ಸ್ ಹೊದಿಸಿದ್ದರು. ಮುಖದ ಭಾಗ ಮಡಿಚಿ ಒಳಗೆ ಸಿಕ್ಕಿಸಿದ್ದರು. ಬಿಸಿಲಿಗೆ ಅರಿಶಿನ ಹಾರಿಹೋಗಿ ಚರ್ಮ ನೀಲಿಗೆ ತಿರುಗಿತ್ತು. ಬಣವೆಯ ತುದಿಯಿಂದ ಒಂದು ಕೈ ಮಾತ್ರ, ಬಳೆ ತುಂಬಿಕೊಂಡು, ರಸ್ತೆಯ ಕಡೆಗೆ ಎದ್ದಿತ್ತು. ಇನ್ನೊಂದು ಮೈಲಿ ಹೋದ ಮೇಲೆ ಕೊಬ್ಬರಿ ಶೆಡ್ಡಿನ ಸೂರಿನ ಮೇಲೆ ಮತ್ತೊಂದು. ಆಮೇಲೆ ಒಂದು ಕೊಟ್ಟಿಗೆಯ ಬಾಗಿಲಿಗೆ.

ಮಗಳು ನನ್ನ ಪಕ್ಕದಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳಿಗೆ ಅವು ಕಾಣಲಿಲ್ಲ. ನಾನು ಅವಳ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು. ಅರಸೀಕೆರೆಯ ಬಸ್ ಸ್ಟ್ಯಾಂಡು ಬರುವತನಕ ಬಿಡಲಿಲ್ಲ.